ಷಡಕ್ಷರಪ್ಪನವರ ಕಿವಿ

ಎರಡನೇ ಶನಿವಾರ ಬೆಳಿಗ್ಗೆ ಎಂಟೂಕಾಲಕ್ಕೆ ಉಮಾಶಂಕರನ ಕಂಪ್ಯೂಟರು ಕಟಕಟ ಎಂದಿತು. ರಜೆಯ ದಿನ ಅದರಲ್ಲಿ ಇಸ್ಪೀಟು ಆಡೋಣವೆಂದು ಕೂತಿದ್ದವನು ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡ. ಆ ಪೆಟ್ಟಿಗೆಯೊಳಗೆ ಅವನದು ಅಂತ ಇದ್ದದ್ದು ಆ ಇಸ್ಪೀಟೊಂದೇ. ಉಳಿದದ್ದೆಲ್ಲ ಹೆಂಡತಿ ಮಾಲಿನಿಯದು. ಹತ್ತಿರದ ಗಂಡಸಿ ಊರಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ನಾಲ್ಕು ವರ್ಷದ ಭಾನುವಾರಗಳನ್ನೆಲ್ಲ ಹಳೇಬೀಡಿನ ಗೋಡೆಗಳ ಮುಂದೆ ಕಳೆದು, ಕಲ್ಲಿನ ಹೆಂಗಸರ ಓಲೆ, ಡಾಬು, ಕಡಗಗಳ ಮೇಲೆ ಅವಳು ಬರೆದ ಪಿಎಚ್.ಡಿ. ಪ್ರಬಂಧ ಅದರೊಳಗಿತ್ತು. ಒಟ್ಟು ನೂರ ಎಂಬತ್ತಾರು ಪುಟ.

"ಇದರದೊಂದು ಕಾಪಿ ಬೇರೆ ಕಡೆ ಇಡಿಸಿ" ಎಂದು ಅವಳು ದೀಪಾವಳಿಯಿಂದ ಹೇಳುತ್ತಿದ್ದಳು. "ನಾಳೆ ಇಡಿಸ್ತೀನಿ ಕಣೇ" ಎಂದು ಅವನೂ ದೀಪಾವಳಿಯಿಂದ ಹೇಳುತ್ತಿದ್ದ. ಈಗ ಶಿವರಾತ್ರಿ ಕಳೆದಿತ್ತು. ಅಚ್ಚು ಹಾಕಿದ ಹಾಳೆಗಳನ್ನು ಗೈಡಿಗೆ ತೋರಿಸಲು ಅವಳು ಬೆಳಗಿನ ಗಾಡಿಗೆ ಮೈಸೂರಿಗೆ ಹೋಗಿದ್ದಳು, ಸಂಜೆ ಐದೂವರೆಗೆ ವಾಪಸು ಅರಸೀಕೆರೆಗೆ ಬರುವವಳು. ಪ್ರಬಂಧ ಒಪ್ಪಿಸಲು ಮುಂದಿನ ಶನಿವಾರ ಕೊನೆಯ ದಿನ.

ಪೆಟ್ಟಿಗೆ ಇನ್ನೊಮ್ಮೆ ಕಟಕಟ ಎಂದಿತು. ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಷಡಕ್ಷರಪ್ಪನವರ ಪೇಟ ಕಾಣಿಸಿತು. ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಕಿವಿ ಚೂಪು ಮಾಡಿಕೊಂಡ ಮನುಷ್ಯ. ವರ್ಷವಿಡೀ ಅಟ್ಟದ ಮೇಲಿದ್ದ ಕಾಯಿ ಒಣಗಿ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ ಲೊಡಲೊಡ ಅನ್ನುತ್ತದೆ. ಅದಕ್ಕೆ ಗಿಟುಕಾಯಿತು ಎನ್ನುತ್ತಾರೆ. ಷಡಕ್ಷರಪ್ಪನವರು ಗಿಟುಕು ಅಂದದ್ದು ಹಸಿಯಾಗಿ ಹೋದದ್ದನ್ನು ಅರಸೀಕೆರೆ ಸಂತೆಯಲ್ಲಿ ಯಾರೂ ನೋಡಿರಲಿಲ್ಲ.

"ಏನ್ ಗುಮಾಸ್ತ್ರೇ, ನಿಮ್ಮನೇಲಿ ಏನೋ ಸದ್ದು? ನಾನು ಕೊಬ್ಬರಿ ಹರವಿದೀನಿ, ಕಾಗೆ ಕಾಟ ತಡೆಯಕ್ಕಾಗಲ್ಲ. ಆ ಹೊಳೆಯೋ ತಟ್ಟೆ ಐತಲ್ಲ, ಸೀಡಿ, ಹಳೇವು ಇದ್ರೆ ಕೊಡಿ, ನೇತಾಕ್ತೀನಿ ಅಂತ ಬಂದೆ."

ಉಮಾಶಂಕರನಿಗೆ ಆಗ ಬೇಕಿದ್ದದ್ದು ಅವರು ಹೋಗುವುದು. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬರುತ್ತಿದ್ದ, ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಸಿಡಿಗಳ ರಾಶಿಯ ಮೇಲಿನಿಂದ ಐದನ್ನೆತ್ತಿ ಕೊಟ್ಟ. ಅವರು ಹೋಗಲಿಲ್ಲ. ಸಿಡಿಗಳನ್ನು ಕಂಕುಳಲ್ಲಿಟ್ಟುಕೊಂಡು ಒಳಗೇ ಬಂದರು.

"ಒಳಗಡೆ ಸದ್ದು ಮಾಡೋ ಸಾಮಾನು ಯಾವುದೈತೆ, ತೆಗೀರಿ."

ಅವರ ಕಾಟಕ್ಕೆ ಉಮಾಶಂಕರ ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದ. ಷಡಕ್ಷರಪ್ಪನವರು ಅದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಮೆಲ್ಲಗೆ ಕುಲುಕಿದರು.

"ಗಟ್ಟಿಯಾಗಿ ಕೂತೈತೆ. ಸದ್ದು ಇದರದಲ್ಲ."

"ಷಡಕ್ಷರಪ್ಪನೋರೆ, ಅದು ಕಾಯಲ್ಲ."

"ಕಾಯಿ ಆಗ್ಲಿ, ಕಬ್ಬಿಣ ಆಗ್ಲಿ, ಒಳಗೆ ಬಿಟ್ಕೊಂಡಿದ್ರೆ ಹೇಳ್ತದೆ."

ಉಮಾಶಂಕರ ಡಿಸ್ಕನ್ನು ಕಸಿದುಕೊಂಡು ಮತ್ತೆ ಕೂರಿಸಿ, ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುವ ಲೋಕೇಶನಿಗೆ ಫೋನು ಮಾಡಿದ. ಲೋಕೇಶ ಬಂದ. ಚಪ್ಪಲಿ ಬಿಡುವ ಮುಂಚೆಯೇ, ಬಾಗಿಲಲ್ಲಿ ನಿಂತು ಕಾಯಿಲೆ ಹೇಳಿದ.

"ಹಾರ್ಡ್ ಡಿಸ್ಕ್ ಸಾರ್. ಹೋಗೋ ಮುಂಚೆ ಹಿಂಗೇ ಸೌಂಡ್ ಬರೋದು. ಇವತ್ತು ಸಂಜೆ ಕಂಡ್ರೆ ಹೆಚ್ಚು."

ಸಂಜೆ ಎಂದ ಕೂಡಲೇ ಉಮಾಶಂಕರನಿಗೆ ಐದೂವರೆ ಗಾಡಿ ನೆನಪಾಯಿತು. ಮೂವರೂ ಅಂಗಡಿಗೆ ಹೊರಟರು. ಷಡಕ್ಷರಪ್ಪನವರನ್ನು ಯಾರೂ ಕರೆದಿರಲಿಲ್ಲ. ಸಿಡಿಗಳನ್ನು ತಮ್ಮ ಅಂಗಳದಲ್ಲಿಟ್ಟು ಅವರಾಗಿಯೇ ಬಂದರು.

ಅಂಗಡಿಯವನು ಎರಡು ಡಿಸ್ಕು ಮುಂದಿಟ್ಟ. ಒಂದಕ್ಕೆ ಮೂರು ವರ್ಷದ ವಾರಂಟಿ. ಇನ್ನೊಂದು ಅದಕ್ಕಿಂತ ಎಂಟು ನೂರು ಅಗ್ಗ. "ಒಳಗೆ ಎಲ್ಲಾ ಒಂದೇ ಸಾರ್, ಮೇಲಿನ ಸ್ಟಿಕ್ಕರ್ ಬೇರೆ ಅಷ್ಟೆ" ಎಂದ. ಲೋಕೇಶ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ, "ಭಾರ ಒಂದೇ ಇದೆ ಸಾರ್, ನಡೆಯುತ್ತೆ" ಎಂದ. ಎಂಟು ನೂರು ರೂಪಾಯಿ ಉಮಾಶಂಕರನ ಮನಸ್ಸಿನಲ್ಲಿ ಆಗಲೇ ಮಿಕ್ಸಿಯಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ಷಡಕ್ಷರಪ್ಪನವರು ಅಗ್ಗದ್ದನ್ನೆತ್ತಿ ಕಿವಿಗಿಟ್ಟು ಕುಲುಕಿದರು.

"ಬ್ಯಾಡಿ ಗುಮಾಸ್ತ್ರೇ. ಎಳಸು. ಈಗ್ಲೇ ಬಿಟ್ಕೊಂಡೈತೆ."

ಅಂಗಡಿಯವನು ನಕ್ಕ. ಲೋಕೇಶ ನಕ್ಕ. ನಾಲ್ಕು ಜನರೆದುರು ಕಾಯಿ ವ್ಯಾಪಾರಿಯ ಮಾತು ಕೇಳಿದೆನೆಂದು ಆಗಬಾರದಲ್ಲ ಎಂದು ಉಮಾಶಂಕರನೂ ನಕ್ಕು, ಅಗ್ಗದ್ದನ್ನೇ ಕಟ್ಟಿಸಿಕೊಂಡ. ಹಳೆಯದನ್ನು ತಂದರೆ ಇನ್ನೂರು ಬಿಡುವುದಾಗಿ ಅಂಗಡಿಯವನು ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಪ್ರಬಂಧ ಪೂರ್ತಿ ಹೊಸ ಡಿಸ್ಕಿಗೆ ಬಂದಿತು. ಹಳೆಯದನ್ನು ಲೋಕೇಶ ಶುದ್ಧವಾಗಿ ಒರೆಸಿದ. "ತೊಳೆದ ಪಾತ್ರೆ ಸಾರ್, ಒಂದು ಅಗುಳೂ ಸಿಕ್ಕಲ್ಲ" ಎಂದು ಹೆಮ್ಮೆಯಿಂದ ಹೇಳಿ, ತಾನೇ ಅದನ್ನು ಅಂಗಡಿಗೆ ಮುಟ್ಟಿಸಿ ಬಂದ. ಆಮೇಲೆ ಪೆಟ್ಟಿಗೆ ಮುಚ್ಚಿ ಸ್ವಿಚ್ ಒತ್ತಿದರು.

ಕಟಕಟ.

ಲೋಕೇಶ ಉಮಾಶಂಕರನ ಮುಖ ನೋಡಿದ. ಉಮಾಶಂಕರ ಲೋಕೇಶನ ಮುಖ ನೋಡಿದ. ಷಡಕ್ಷರಪ್ಪನವರು ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯನ್ನು ಮತ್ತೆ ತೆಗೆಸಿ, ಕಿವಿಯಾನಿಸಿ, ಸಣ್ಣ ಫ್ಯಾನಿನ ಹಿಂದೆ ಎರಡು ಬೆರಳು ತೂರಿಸಿ ಒಂದು ಎಳೆ ಎಳೆದರು. ತೆಂಗಿನ ನಾರು. ಸದ್ದು ನಿಂತಿತು.

"ನಮ್ಮ ಅಂಗಳದ್ದೇ" ಎಂದರು ಅವರು, ಕಳೆದುಹೋದ ಕರು ಸಿಕ್ಕಷ್ಟು ಸಂತೋಷದಲ್ಲಿ. "ಗಾಳಿಗೆ ಹಾರಿ ಬಂದೈತೆ. ಸದ್ದು ಆ ಸಾಮಾನಿನದಲ್ಲ ಅಂತ ನಾನು ಹೇಳ್ಲಿಲ್ವಾ?"

ಲೋಕೇಶನಿಗೆ ಥಟ್ಟನೆ ಮೂರು ಗಂಟೆಯ ಕ್ಲಾಸು ನೆನಪಾಯಿತು. ಚೆನ್ನಾಗಿದ್ದ ಡಿಸ್ಕನ್ನು ಕೈಯಾರೆ ಒರೆಸಿ ಕೊಟ್ಟದ್ದಕ್ಕೆ ಉಮಾಶಂಕರ ಸ್ವಲ್ಪ ಹೊತ್ತು ಪೇಚಾಡಿಕೊಂಡ. ಆದರೂ ಪ್ರಬಂಧ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು, ಹೆಂಡತಿಗೆ ಏನೂ ಹೇಳುವುದು ಬೇಡವೆಂದು ತೀರ್ಮಾನಿಸಿ, ಅವಳಿಗೆ ಇಷ್ಟವೆಂದು ಉಪ್ಪಿಟ್ಟಿಗೆ ರವೆ ಹುರಿದಿಟ್ಟ.

ಮಾಲಿನಿ ಐದೂಮುಕ್ಕಾಲಿಗೆ ನಗುನಗುತ್ತ ಬಂದಳು. ಗೈಡು ಒಪ್ಪಿದ್ದರು. ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ಏನಾದರೊಂದು ಗೀಚಿದ್ದರು, ಅಷ್ಟನ್ನು ತಿದ್ದಿದರೆ ಮುಗಿಯಿತು. ಅವಳು ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತು ಸ್ವಿಚ್ ಒತ್ತಿದಳು.

ಈ ಸಲ ಬಂದದ್ದು ಬೇರೆ ಸದ್ದು. ಟಕ್. ಟಕ್. ಟಕ್. ಪರದೆಯ ಮೇಲೆ ಡಿಸ್ಕೇ ಇಲ್ಲವೆಂಬ ಒಂದೇ ಒಂದು ಬಿಳಿ ಸಾಲು ಮೂಡಿ ನಿಂತಿತು.

ಕಾಂಪೌಂಡಿನಾಚೆಯಿಂದ ಷಡಕ್ಷರಪ್ಪನವರು ಹೇಳಿದರು: "ಈಗ ಗಿಟುಕಾಯ್ತು ನೋಡಿ."

ಉಮಾಶಂಕರನಿಗೆ ಅಳು ಬರುವುದೊಂದು ಬಾಕಿ. ನಾರಿನಿಂದ ಹಿಡಿದು ಎಂಟು ನೂರರ ತನಕ ಎಲ್ಲ ಒಪ್ಪಿಕೊಂಡ. ಮಾಲಿನಿ ಕೇಳಿಸಿಕೊಂಡಳು. ಕೂಗಾಡಲಿಲ್ಲ, ಸಣ್ಣಗೆ ನಕ್ಕಳು.

"ನಿಮ್ಮ ನಾಳೆ ನನಗೆ ಗೊತ್ತಿಲ್ವಾ? ಹೋದ ತಿಂಗಳೇ ಮೈಸೂರಲ್ಲಿ ಒಂದು ಸಿಡಿ ಬರೆಸ್ಕೊಂಡ್ ಬಂದೆ."

ಉಮಾಶಂಕರನಿಗೆ ಹೋದ ಜೀವ ಬಂದಂತಾಯಿತು. ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. "ಎಲ್ಲಿಟ್ಟಿದೀಯ ಕಣೇ?"

"ನೀವು ಜನ್ಮದಲ್ಲಿ ಮುಟ್ಟದ ಜಾಗದಲ್ಲಿ. ಆ ಪತ್ರಿಕೆ ಸಿಡಿಗಳ ರಾಶಿ ಇಲ್ವಾ, ಅದರಲ್ಲಿ ಮೇಲಿಂದ ಎರಡನೇದು."

ಉಮಾಶಂಕರ ಕಿಟಕಿಯ ಕಡೆ ತಿರುಗಿದ. ಪಕ್ಕದ ಅಂಗಳದಲ್ಲಿ ಐದು ಸಿಡಿಗಳು ಗಾಳಿಗೆ ತಿರುಗುತ್ತಿದ್ದವು. ಒಂದೂ ಕಾಗೆ ಇರಲಿಲ್ಲ.

ಇಬ್ಬರೂ ಓಡಿದರು. ಷಡಕ್ಷರಪ್ಪನವರು ಐದನ್ನೂ ಇಳಿಸಿಕೊಟ್ಟರು. "ಬೆಳಿಗ್ಗೆ ಮಂಕಾಗಿದ್ವು ಕಣಮ್ಮ. ಹುಣಸೆಹಣ್ಣು ಹಚ್ಚಿ, ನಾರಲ್ಲಿ ಚೆನ್ನಾಗಿ ಉಜ್ಜಿದೆ" ಎಂದರು. ಹೌದು, ಚೆನ್ನಾಗಿಯೇ ಉಜ್ಜಿದ್ದರು. ಮಾಲಿನಿ ಬರೆಸಿ ತಂದದ್ದರ ಬೆಳ್ಳಿಯ ಪೊರೆ ಎದ್ದುಹೋಗಿ, ಅದರ ಮೂಲಕ ಅವರ ಪೇಟ ಸ್ವಚ್ಛವಾಗಿ ಕಾಣುತ್ತಿತ್ತು. ಮಾಲಿನಿಯ ಮುಖ ನೋಡಲಾರದೆ ಅವರು ಆ ಸಿಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕುಲುಕಿದರು.

"ಇದ್ರಲ್ಲಿ ಏನೂ ಉಳಿದಿಲ್ಲ ತಾಯಿ."

ಬೆಳಗಿನಿಂದ ಅವರ ಕಿವಿ ಒಂದು ಸಲವೂ ತಪ್ಪಿರಲಿಲ್ಲ.

ಸೋಮವಾರ ಉಮಾಶಂಕರ ಒಂದು ವಾರ ರಜೆ ಬರೆದುಕೊಟ್ಟು, ಷಡಕ್ಷರಪ್ಪನವರನ್ನು ತಾನೇ ಕರೆದುಕೊಂಡು ಅಂಗಡಿಗೆ ಹೋದ. ಅವರು ಅಲ್ಲಿದ್ದ ಡಿಸ್ಕುಗಳನ್ನೆಲ್ಲ ಕುಲುಕಿ, "ಇದೊಂದೇ ಗಟ್ಟಿ ಮಾಲು" ಎಂದು ಒಂದನ್ನು ಆರಿಸಿದರು. ಅದು ಉಮಾಶಂಕರನದೇ ಹಳೆಯ ಡಿಸ್ಕು. ಇನ್ನೂರಕ್ಕೆ ಕೊಟ್ಟದ್ದನ್ನು ಒಂಬೈನೂರಕ್ಕೆ ತಂದ.

ಮನೆಯಲ್ಲಿ ಮಾಲಿನಿ ಕೆಂಪು ಶಾಯಿಯ ಹಾಳೆಗಳನ್ನು ಅವನ ಮುಂದಿಟ್ಟು, "ಪುಟ ಒಂದು" ಎಂದು ಹೇಳಿ ಸ್ಕೂಲಿಗೆ ಹೋದಳು. ಅವನಿಗೆ ಟೈಪು ಬರುತ್ತಿದ್ದದ್ದು ಎರಡು ಬೆರಳಿನಲ್ಲಿ. ಮೂರನೇ ಪುಟದ ಓಲೆಗಳು ಮುಗಿದು ಡಾಬು ಶುರುವಾಗುವ ಹೊತ್ತಿಗೆ ಕಾಂಪೌಂಡಿನ ಮೇಲೆ ಪೇಟ ಕಾಣಿಸಿತು.

"ಏನ್ ಗುಮಾಸ್ತ್ರೇ, ಮತ್ತೆ ಕಟಕಟ ಅಂತೈತಲ್ಲ?"

"ಡಿಸ್ಕ್ ಅಲ್ಲ ಷಡಕ್ಷರಪ್ಪನೋರೆ" ಎಂದ ಉಮಾಶಂಕರ, ತಲೆಯೆತ್ತದೆ. "ಅದು ನಾನು."