ಮನ ಪಾಪ

ಇವರು ಯಾರ ಮಕ್ಕಳು ಎಂಬ ಪ್ರಶ್ನೆ ಮಕ್ಕಳು ಏನನ್ನಾದರೂ ಒಡೆದ ದಿನವೇ ಏಳುವುದು. ಶಾಲೆಯಲ್ಲಿ ಬಹುಮಾನ ಬಂದ ದಿನ ನಮ್ಮ ಶಾಲ್ಮಲಾ ನನ್ನ ಹೆಂಡತಿಯ ಪಾಲಿಗೆ ‘ನನ್ನ ಮಗಳು’. ಊಟ ಬಿಟ್ಟು ಹಟ ಹಿಡಿದ ದಿನ ‘ಈ ಹುಡುಗಿ’. ಏನಾದರೂ ಒಡೆದಳೋ, ತಕ್ಷಣ ‘ನಿಮ್ಮ ಮಗಳು’. ಆ ಭಾನುವಾರ ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಅರೆನಿದ್ದೆಯಲ್ಲಿದ್ದ ನನಗೆ, “ಏನ್ರೀ, ನಿಮ್ಮ ಮಗಳು ಏನ್ ಮಾಡ್ಯಾಳ ಬಂದು ನೋಡ್ರಿ” ಎಂಬ ಕೂಗು ಕೇಳಿಸಿತು. ಏನೋ ಒಡೆದಿದೆ ಎಂಬುದು ಕಣ್ಣು ಬಿಡುವ ಮೊದಲೇ ಗೊತ್ತಾಗಿಹೋಯಿತು.

ಒಡೆದದ್ದು ಎದುರು ಮನೆಯ ರತ್ನಮ್ಮನವರ ಉಪ್ಪಿನಕಾಯಿ ಭರಣಿ. ಗುಂಟೂರು ಕಡೆಯವರು, ಬೇಸಿಗೆ ಬಂತೆಂದರೆ ಆವಕಾಯ ಹಾಕುವುದು ಅವರಿಗೆ ಹಬ್ಬಕ್ಕಿಂತ ದೊಡ್ಡದು. ಮದುವೆಯಲ್ಲಿ ತವರಿನವರು ಕೊಟ್ಟ ಭರಣಿಯನ್ನು ಹಜಾರದ ನಡುವೆ ಇಟ್ಟುಕೊಂಡು ಮಾವಿನ ಹೋಳು ಕಲಸುತ್ತ ಕೂತಿದ್ದರಂತೆ. ನಮ್ಮ ಮಹಾರಾಣಿ ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಕಾರಿಡಾರಿನಲ್ಲಿ ಓಡುತ್ತಿದ್ದವಳು, ತೆರೆದ ಬಾಗಿಲು ಕಂಡು ಒಳಗೆ ತಿರುಗಿದ್ದಾಳೆ. ಓಡುವುದನ್ನು ಕಲಿತಿದ್ದಳು, ನಿಲ್ಲುವುದನ್ನಿನ್ನೂ ಕಲಿತಿರಲಿಲ್ಲ. ಆ ಸ್ಕೇಟ್ಸ್ ಕೊಡಿಸಿದವನು ನಾನು ಎಂಬುದನ್ನು ಹೆಂಡತಿ ನೆನಪಿಸದೆ ಬಿಡಲಿಲ್ಲ.

ಭರಣಿ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ನಾವಿಬ್ಬರೂ ಆಫೀಸಿಗೆ ಹೋಗುವವರು. ಶಾಲೆ ಬಿಟ್ಟ ಮೇಲೆ ನಾವು ಬರುವತನಕ ಶಾಲೂ ಇರುವುದು ರತ್ನಮ್ಮನವರ ಮನೆಯಲ್ಲೇ. ಬಳಗವೆಲ್ಲ ವಿಜಾಪುರದಲ್ಲಿದೆ, ಈ ತೆಲುಗು ಊರಿನಲ್ಲಿ ನಮಗೆ ಅವರ ಬಾಗಿಲು ಬಿಟ್ಟರೆ ಬೇರೆ ಬಾಗಿಲಿಲ್ಲ. ಅದು ಮುಚ್ಚಿದರೆ ಇಬ್ಬರಲ್ಲೊಬ್ಬರು ಕೆಲಸ ಬಿಡಬೇಕು. ಯಾರು ಬಿಡಬೇಕು ಎಂಬುದರಲ್ಲಿ ನನಗೂ ಹೆಂಡತಿಗೂ ಖಚಿತ ಅಭಿಪ್ರಾಯವಿತ್ತು. ಎರಡೂ ಬೇರೆ ಬೇರೆ, ಅಷ್ಟೇ.

“ಹೋಗಿ ಕೈ ಮುಗದು ಬರ್ರಿ. ಹಿಂದಿ ಬ್ಯಾಡ, ತೆಲುಗಿನ್ಯಾಗ ಮಾತಾಡ್ರಿ, ಅವರ ಮನಸ್ಸಿಗೆ ಹತ್ತತೈತಿ” ಎಂದಳು.

ನನ್ನ ತೆಲುಗು ಆಫೀಸಿನ ತೆಲುಗು. ನಮ್ಮ ಮ್ಯಾನೇಜರು ಬಾಯಿ ತೆರೆದರೆ ‘ಮನ ಕಂಪನಿ’, ‘ಮನ ಪ್ರಾಜೆಕ್ಟ್’. ತಡರಾತ್ರಿಯವರೆಗೆ ಕೆಲಸಕ್ಕೆ ಕೂರಿಸುವಾಗಲಂತೂ ‘ಮನ’ ಇನ್ನೂ ಮೆತ್ತಗಾಗುತ್ತದೆ. ತೆಲುಗಿನಲ್ಲಿ ‘ನಮ್ಮ’ ಎನ್ನಲು ‘ಮಾ’ ಎಂಬ ಇನ್ನೊಂದು ಮಾತೂ ಇದೆಯೆಂದು ಗೊತ್ತಿತ್ತು. ‘ಮಾ’ ತುಸು ಒರಟು, ‘ಮನ’ ಮರ್ಯಾದೆಯದು ಎಂದು ನಾನೇ ವ್ಯಾಕರಣ ಬರೆದುಕೊಂಡಿದ್ದೆ. ‘ಪಾಪ’ ಎಂದರೆ ಪುಟ್ಟ ಹುಡುಗಿ. ನಮ್ಮ ಕಡೆಯ ಅರ್ಥ ಹಿಡಿದರೂ ಅಂದು ತಪ್ಪಾಗುತ್ತಿರಲಿಲ್ಲ.

ರತ್ನಮ್ಮ ನೆಲದ ಮೇಲಿನ ಕೆಂಪು ಎಣ್ಣೆ ಒರೆಸುತ್ತಿದ್ದರು. ನಾನು ಕೈ ಮುಗಿದು, “ಅಮ್ಮಾ, ಮನ ಪಾಪ ತಪ್ಪು ಚೇಸಿಂದಿ. ಬಾಧ್ಯತ ಮನದೇ” ಎಂದೆ. ನಮ್ಮ ಹುಡುಗಿ ತಪ್ಪು ಮಾಡಿದ್ದಾಳೆ, ಜವಾಬ್ದಾರಿ ನಮ್ಮದೇ ಎಂದು ಹೇಳಿದ್ದೇನೆ ಎಂದುಕೊಂಡೆ. ಅವರು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಮನ ಪಾಪನಾ?”

“ಅವುನಂಡೀ, ಮನ ಪಾಪೇ!” ಎಂದು ಎದೆಯ ಮೇಲೆ ಕೈಯಿಟ್ಟು ಇನ್ನೂ ಜೋರಾಗಿ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟರು. ಅಳುವೋ, ಸಿಟ್ಟೋ, ನನಗೆ ಏನೂ ತಿಳಿಯಲಿಲ್ಲ.

ಮನೆಗೆ ಬಂದು ವರದಿ ಒಪ್ಪಿಸಿದೆ. ಟಿವಿ ಧಾರಾವಾಹಿ ನೋಡಿ ತೆಲುಗು ಕಲಿತ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯ ಶಿವನೇ! ‘ಮಾ’ ಅಂದ್ರ ನಮ್ಮದು, ಅವರದಲ್ಲ. ‘ಮನ’ ಅಂದ್ರ ಕೇಳೋರನ್ನೂ ಸೇರಿಸಿ ನಮ್ಮದು! ‘ಹುಡುಗಿ ನಂದೂ ನಿಮ್ದೂ, ತಪ್ಪು ಇಬ್ಬರದೂ’ ಅಂತ ಹೇಳಿ ಬಂದೀರಲ್ರೀ, ಅದೂ ಎದಿ ಮ್ಯಾಲೆ ಕೈ ಇಟ್ಕೊಂಡು!”

ಭರಣಿ ಒಡೆದದ್ದಲ್ಲದೆ ಅರ್ಧ ತಪ್ಪನ್ನು ಅವರ ತಲೆಗೇ ಕಟ್ಟಿ ಬಂದಿದ್ದೆ. ಉಳಿದರ್ಧ ಅರ್ಥವನ್ನು ನೆನೆಯಲೂ ನಾಚಿಕೆಯಾಯಿತು. ಮತ್ತೆ ಹೋಗಿ ವ್ಯಾಕರಣ ತಿದ್ದುವ ಧೈರ್ಯವಿಲ್ಲದೆ ಹೊಸ ಭರಣಿಗಾಗಿ ಸೀದಾ ಬೇಗಂ ಬಜಾರಿಗೆ ಹೋದೆ. ಅಂಗಡಿಯವನು “ಕಿತ್ನೇ ಕಿಲೋ ಕಾ ಅಚಾರ್ ಡಾಲ್ತೇ, ಸಾಬ್?” ಎಂದ. ಎಷ್ಟು ಕಿಲೋ ಉಪ್ಪಿನಕಾಯಿ ಹಾಕುತ್ತಾರೆ ಎಂಬುದನ್ನು ಒಡೆದ ಚೂರುಗಳಿಂದ ಲೆಕ್ಕ ಹಾಕುವ ವಿದ್ಯೆ ನನಗೆಲ್ಲಿ ಬರಬೇಕು? ಇದ್ದುದರಲ್ಲಿ ದೊಡ್ಡದನ್ನೇ ಹೊತ್ತು ತಂದೆ.

ಬಂದು ನೋಡಿದರೆ ಶಾಲೂ ರತ್ನಮ್ಮನವರ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಮೂಗು, ಕಣ್ಣು ಕೆಂಪಗಿದ್ದವು. ಬೈಸಿಕೊಂಡಿದ್ದಳು ಎಂದು ಕಾಣುತ್ತಿತ್ತು. ಭರಣಿಯನ್ನು ಮುಂದಿಟ್ಟೆ. ರತ್ನಮ್ಮ ತಮ್ಮ ತೆಲುಗಿನಲ್ಲಿ ಹೇಳಿದ್ದು ಇಷ್ಟು: “ಇದ್ಯಾಕೆ ತಂದಿರಿ ಬಾಬೂ? ಮನ ಪಾಪ ಅಂತ ನೀವೇ ಅಂದಿರಲ್ಲ. ಇಷ್ಟು ದಿನ ನೋಡಿಕೊಂಡರೂ ಯಾರೂ ನನಗೆ ಹಾಗಂದಿರಲಿಲ್ಲ.” ಅವರ ಕಣ್ಣು ತುಂಬಿತ್ತು. ನಾನು ತಪ್ಪಾಗಿ ಹೇಳಿದ್ದೇ ನಿಜವಾಗಿತ್ತು. ಸರಿಯಾಗಿ ಹೇಳಿದ್ದರೆ ಸುಳ್ಳಾಗುತ್ತಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಹುಡುಗಿ ಇಬ್ಬರದೂ ಆದ್ದರಿಂದ ಸ್ಕೇಟ್ಸ್ ಇನ್ನು ತಮ್ಮ ಬೀರುವಿನಲ್ಲಿ ಎಂದು ಬೀಗ ಹಾಕಿಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮುಂದಿನ ಭಾನುವಾರ ಹೊಸ ಭರಣಿಯ ಆವಕಾಯ ಬಟ್ಟಲು ತುಂಬ ಬಂತು. ತಂದವಳು ಶಾಲೂ. ನಾನು ಆಫೀಸಿನ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದೆ. “ಪಪ್ಪಾ, ರುಚಿ ನೋಡು” ಎಂದು ಬಟ್ಟಲು ಚಾಚಿದಳು. ಬಟ್ಟಲು ವಾಲಿ ಎಣ್ಣೆಯೆಲ್ಲ ಕೀಲಿಮಣೆಯೊಳಗೆ ಇಳಿಯಿತು, ಪರದೆ ಕಪ್ಪಾಯಿತು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ನಿಂತಿದ್ದ ರತ್ನಮ್ಮ ಅವಳನ್ನು ಸೆರಗಿಗೆ ಎಳೆದುಕೊಂಡು, “ಪರ್ವಾಲೇದು ಬಾಬೂ, ಮನ ಪಾಪೇ ಕದಾ!” ಎಂದರು. ಪರವಾಗಿಲ್ಲ, ನಮ್ಮ ಹುಡುಗಿಯೇ ಅಲ್ಲವೇ ಎಂದು. ನಾನೂ ಪರ್ವಾಲೇದು ಎಂದೆ.

ಸೋಮವಾರ ಮ್ಯಾನೇಜರ ಮುಂದೆ ನಿಂತಾಗ ಈ ಸಲ ವ್ಯಾಕರಣದಲ್ಲಿ ಎಡವಲಿಲ್ಲ. ‘ಮಾ ಪಾಪ, ಮನ ಲ್ಯಾಪ್‌ಟಾಪ್’ ಎಂದೆ. ಪಾಪ ನಮ್ಮದು, ಲ್ಯಾಪ್‌ಟಾಪ್ ಮಾತ್ರ ಅವರನ್ನೂ ಸೇರಿಸಿ ನಮ್ಮದು. ಮ್ಯಾನೇಜರು ತುಂಬ ಹೊತ್ತು ಕೀಲಿಮಣೆಯನ್ನು ಮೂಸಿ ನೋಡಿದರು.

“ತೆಲುಗು ಬಾಗಾ ನೇರ್ಚುಕುನ್ನಾರು” ಎಂದು ನನ್ನ ತೆಲುಗು ಕಲಿಕೆಯನ್ನು ಮೆಚ್ಚಿ, ಅದೇ ಮೆತ್ತಗಿನ ದನಿಯಲ್ಲಿ, “ಲ್ಯಾಪ್‌ಟಾಪ್ ಮನದೇ ಅಂಡೀ. ಬಾಧ್ಯತ ಮಾತ್ರಂ ಮೀದಿ” ಎಂದರು.

‘ಮೀದಿ’ ಎಂದರೆ ನಿಮ್ಮದು. ಆ ಪದದಲ್ಲಿ ಮಾತ್ರ ನನಗೆ ಎಂದೂ ಗೊಂದಲವಾಗಿಲ್ಲ; ಮನೆಯಲ್ಲಿ ಅದನ್ನು ಕನ್ನಡದಲ್ಲೇ ಕೇಳಿ ಅಭ್ಯಾಸವಾಗಿದೆ.