ಹತ್ತೊಂಬತ್ತರಲ್ಲಿ ಒಂದು

ಇನಿಷ್‌ಗಾರ ದ್ವೀಪದಲ್ಲಿ ಮತದಾರರು ಹತ್ತೊಂಬತ್ತೇ ಮಂದಿ. ಹತ್ತೊಂಬತ್ತು ಮತವೂ ನಮ್ಮವರಿಗೇ. ದೇಶ ಸ್ವತಂತ್ರವಾದಾಗಿನಿಂದ ಅದು ಹಾಗೇ ನಡೆದುಬಂದಿತ್ತು. ಸತ್ತವರ ಹೆಸರು ಪಟ್ಟಿಯಿಂದ ಹೋಗುತ್ತಿತ್ತು, ಮಕ್ಕಳಿಗೆ ಹದಿನೆಂಟು ತುಂಬಿದಾಗ ಹೆಸರು ಸೇರುತ್ತಿತ್ತು, ಆದರೆ ‘ಅವರಿಗೆ’ ಮಾತ್ರ ಒಂದೇ ಒಂದು ಮತ ಹೋದದ್ದಿಲ್ಲ. ನಮ್ಮವರು ಯಾರು, ಅವರು ಯಾರು ಎಂದು ದ್ವೀಪದಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಾಗೆ ಕೇಳುವವನು ಪ್ರವಾಸಿಯೇ ಆಗಿರಬೇಕು.

ಇಂಥ ದ್ವೀಪದ ಪಕ್ಷದ ಕಾರ್ಯದರ್ಶಿ ಜಾರ್ಲತ್ ಟೂಹಿ. ಮೂವತ್ತೊಂದು ವರ್ಷದಿಂದ ಅವನೇ. ಅದಕ್ಕೂ ಮೊದಲು ಅವನ ಅಪ್ಪ, ಅದಕ್ಕೂ ಮೊದಲು ಅಜ್ಜ. ಕೌಂಟಿ ಕೌನ್ಸಿಲ್ ಎಂಬ ಜಿಲ್ಲಾ ಪರಿಷತ್ತಿನ ಚುನಾವಣೆಯ ಎಣಿಕೆ ಶನಿವಾರ ಪಟ್ಟಣದ ಕ್ರೀಡಾಭವನದಲ್ಲಿ ಶುರುವಾಯಿತು. ಅಲ್ಲಿ ಮತ ಹಾಕುವುದೆಂದರೆ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯುವುದು; ಒಂದು ಬಿದ್ದವರಿಗೆ ಮತ. ಎಲ್ಲ ಪಕ್ಷದವರೂ ಕಟಕಟೆಗೆ ಎದೆ ಒತ್ತಿ, ಬಿಚ್ಚುವ ಒಂದೊಂದು ಮತಪತ್ರವನ್ನೂ ಇಣುಕಿ ನೋಡಿ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳುತ್ತಿದ್ದಾಗ, ಜಾರ್ಲತ್ ಮಾತ್ರ ತನ್ನ ದ್ವೀಪದ ಪೆಟ್ಟಿಗೆ ಬಂದ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಹೋದ. ಸ್ವಂತ ಮನೆಯ ಗೋಡೆ ಇದೆಯೋ ಇಲ್ಲವೋ ಎಂದು ದಿನಾ ಯಾರಾದರೂ ಮುಟ್ಟಿ ನೋಡುತ್ತಾರೆಯೇ?

ತಪ್ಪು ಆಗಿದ್ದು ಅಲ್ಲೇ. ಭಾನುವಾರ ಬೆಳಿಗ್ಗೆ, ಕ್ಷೇತ್ರದ ಹಲವು ಸ್ಥಾನಗಳಲ್ಲಿ ಕೊನೆಯದರ ಅಂಕಿ ಹೊರಬಿತ್ತು. ನಮ್ಮವರ ಫಿಲೊಮಿನಾ ಲ್ಯಾವೆಲ್‌ಗಿಂತ ಅವರ ಡೆಕ್ಲನ್ ಮುಲ್ರೂನಿಗೆ ಒಂದು ಮತ ಹೆಚ್ಚು. ಬರೀ ಒಂದು. ಮರುಪರಿಶೀಲನೆ ಆಗಬೇಕೆಂದು ಫಿಲೊಮಿನಾ ಅರ್ಜಿ ಕೊಟ್ಟಳು. ಊಟವಾದ ಮೇಲೆ ಮಾಡೋಣ ಎಂದರು ಅಧಿಕಾರಿಗಳು.

ಜಾರ್ಲತ್ ಕುಸಿದು ಕೂತಿದ್ದ ಬೆಂಚಿನ ಹತ್ತಿರ ಮಲಾಕಿ ಡರ್ಕನ್ ಬಂದ. ಅವರ ಕಡೆಯ ಗೀಟು ಹಾಕುವವನು. ಇವರಿಬ್ಬರ ಅಪ್ಪಂದಿರು ಪ್ರತಿ ಎಣಿಕೆಯಲ್ಲೂ ಕೊರಳಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಇವರಿಬ್ಬರೂ ಹತ್ತು ಚುನಾವಣೆಗಳಲ್ಲಿ ಒಬ್ಬರ ಭಿತ್ತಿಪತ್ರವನ್ನು ಇನ್ನೊಬ್ಬರು ಕಿತ್ತು ಸಮುದ್ರಕ್ಕೆ ಎಸೆದವರು.

“ಬೇಜಾರು ಮಾಡ್ಕೋಬೇಡ ಕಣಯ್ಯ,” ಎಂದ ಮಲಾಕಿ. “ನಿಮ್ಮ ದ್ವೀಪದವರೇ ನಮ್ಮನ್ನ ಗೆಲ್ಲಿಸಿದ್ದು.”

“ಏನಂದೆ?”

ಮಲಾಕಿ ಜೇಬಿನಿಂದ ಹಾಳೆ ತೆಗೆದು ತೋರಿಸಿದ. ಇನಿಷ್‌ಗಾರ: ನಮ್ಮವರಿಗೆ ಹದಿನೆಂಟು, ಅವರಿಗೆ ಒಂದು. ಆ ಒಂದು ಗೀಟಿನ ಸುತ್ತ ಹೃದಯದ ಚಿತ್ರ ಬರೆದಿದ್ದ.

ಮಲಾಕಿ ಪಕ್ಕದಲ್ಲಿ ಕೂತ. ಅವನ ದನಿ ಯಾಕೋ ಮೆತ್ತಗಾಯಿತು.

“ನಿಜ ಹೇಳ್ಲಾ? ಎಷ್ಟೋ ವರ್ಷ ಆದ್ಮೇಲೆ ನಿನ್ನೆ ಈ ಗೀಟು ಹಾಕಿ ಖುಷಿಯಾಯ್ತು ನಂಗೆ. ಡಬ್ಲಿನ್‌ನಲ್ಲಿ ನಮ್ಮವರೂ ನಿಮ್ಮವರೂ ಸೇರಿ ಸರ್ಕಾರ ಮಾಡ್ಕೊಂಡು ಒಂದೇ ತಟ್ಟೇಲಿ ಬಿಸ್ಕತ್ತು ತಿಂತಿದಾರೆ. ನಾನೂ ನೀನೂ ಯಾರ ಮೇಲೆ ಸಿಟ್ಟಾಗೋದು ಹೇಳು. ಹೋದ ಸಲ ನಾನು ನಿಮ್ಮ ಭಿತ್ತಿಪತ್ರ ಕಿತ್ತಾಗ ಪಕ್ಷದ ಆಫೀಸಿನಿಂದ ಕ್ಷಮೆ ಕೇಳು ಅಂತ ಪತ್ರ ಬಂತು.”

“ನಂಗೂ ಬಂತು, ನೀನು ಕ್ಷಮೆ ಕೇಳಿದ್ದಕ್ಕೆ ಥ್ಯಾಂಕ್ಸ್ ಹೇಳು ಅಂತ,” ಎಂದ ಜಾರ್ಲತ್.

ಆಮೇಲೆ ಜಾರ್ಲತ್ ಎದ್ದು ಹನ್ನೊಂದರ ದೋಣಿ ಹಿಡಿದ. ಆ ಹತ್ತೊಂಬತ್ತರಲ್ಲಿ ದ್ರೋಹಿ ಯಾರೆಂದು ಸಂಜೆಯೊಳಗೆ ಪತ್ತೆ ಮಾಡಲೇಬೇಕಿತ್ತು.

ಅದು ಬರೀ ಮಾನದ ಪ್ರಶ್ನೆಯಾಗಿರಲಿಲ್ಲ. ಎರಡು ಚಳಿಗಾಲದ ಹಿಂದಿನ ಬಿರುಗಾಳಿಗೆ ದ್ವೀಪದ ದೋಣಿಕಟ್ಟೆಯ ಅರ್ಧ ಸಮುದ್ರ ಸೇರಿತ್ತು. ನೀರಿನ ಇಳಿತದ ಹೊತ್ತಿನಲ್ಲಿ ದೋಣಿಯಿಂದ ಇಳಿಯಬೇಕಾದರೆ ಮೇಕೆಯ ಹಾಗೆ ನೆಗೆಯಬೇಕು. ಗೆದ್ದರೆ ಕಟ್ಟೆ ಕಟ್ಟಿಸುತ್ತೇನೆ ಎಂದು ಫಿಲೊಮಿನಾ ಮಾತು ಕೊಟ್ಟಿದ್ದಳು. ಈಗ ಆ ಮಾತೂ ಒಂದು ಮತದ ಜೊತೆ ಮುಳುಗಿತ್ತು.

ಮೊಣಕಾಲವರೆಗೆ ನೆನೆದು ಜಾರ್ಲತ್ ನೇರವಾಗಿ ಅಟ್ರಾಕ್ಟಾಳ ಅಂಗಡಿಗೆ ಹೋದ. ದಿನಸಿ, ಅಂಚೆ, ಚಹಾ, ಚಾಡಿ ಎಲ್ಲಾ ದ್ವೀಪದಲ್ಲಿ ಸಿಗುವುದು ಅಲ್ಲೇ. ಚರ್ಚಿನ ಪೂಜೆ ಮುಗಿಸಿ ಬಂದವರೆಲ್ಲ ಅಲ್ಲೇ ಸೇರಿದ್ದರು. ಸುದ್ದಿ ಕೇಳಿದ್ದೇ ಎಲ್ಲರೂ ಒಟ್ಟಿಗೆ ಮಾತಾಡಿದರು.

“ನನ್ನ ಮುಖ ಯಾಕೆ ನೋಡ್ತೀಯ?” ಎಂದಳು ಅಟ್ರಾಕ್ಟಾ. “ನಮ್ಮಜ್ಜನ ಕತ್ತೆ ಕೂಡ ಅವರ ಕಡೆಯವರ ಹುಲ್ಲು ಮುಟ್ಟಿರಲಿಲ್ಲ. ಉಪವಾಸ ಬಿದ್ದು ಸತ್ತಿತು ಪಾಪ.”

“ಕತ್ತೆ ಸರಿ,” ಎಂದ ನಳ್ಳಿ ಹಿಡಿಯುವ ಫೆಸ್ಟಸ್ ಕಾಯ್ನ್. “ನಿನ್ನ ತಂಗಿ ಮಗ ಅವರ ಕಡೆ ಹುಡುಗೀನ ಮದುವೆ ಆದ್ನಲ್ಲ. ಮದುವೇಲಿ ನೀನು ಎರಡು ಸಲ ಕೇಕ್ ಹಾಕಿಸ್ಕೊಂಡೆ.”

“ನೀನು ಹೋದ ತಿಂಗಳು ಅವರ ರೇಡಿಯೊ ಭಾಷಣ ಪೂರ್ತಿ ಕೇಳಿದ್ಯಂತೆ,” ಎಂದಳು ಅಟ್ರಾಕ್ಟಾ.

“ರೇಡಿಯೊ ಆರಿಸೋ ಗುಂಡಿ ಮುರಿದುಹೋಗಿತ್ತು.”

ಹೀಗೆ ಒಂದರಿಂದ ಒಂದು ಹೊರಬಂತು. ಯಾರ ಅಜ್ಜಿ ಸ್ವಾತಂತ್ರ್ಯದ ಬೆನ್ನಿಗೇ ನಡೆದ ಅಂತರ್ಯುದ್ಧದಲ್ಲಿ ಅವರ ಸಿಪಾಯಿಗೆ ಮಜ್ಜಿಗೆ ಕೊಟ್ಟಿದ್ದಳು, ಯಾರ ದೊಡ್ಡಪ್ಪ ಅವರ ಕಡೆಯ ಪಬ್ಬಿಗೆ ಮಳೆ ನೆಪ ಹೇಳಿ ಹೊಕ್ಕಿದ್ದ, ಎಲ್ಲವೂ. ಮಧ್ಯಾಹ್ನದ ಹೊತ್ತಿಗೆ ಮೂರು ಮನೆಗಳವರು ಪರಸ್ಪರ ಮಾತು ಬಿಟ್ಟಿದ್ದರು, ಫೆಸ್ಟಸ್‌ಗೆ ಅಂಗಡಿಗೆ ಬರಬೇಡ ಎಂದಾಗಿತ್ತು. ದ್ವೀಪದಲ್ಲಿ ಇನ್ನೊಂದು ಅಂಗಡಿ ಇಲ್ಲದ ಕಾರಣ ಅವನು ಹೊಸ್ತಿಲ ಹೊರಗೆ ನಿಂತು ಬ್ರೆಡ್ ಕೇಳಿದ.

ಜಾರ್ಲತ್ ಊಟಕ್ಕೆ ಮನೆಗೆ ಹೋದ. ಹೆಂಡತಿ ಕನ್ಸೆಪ್ಟಾ ಮಾಂಸ, ಆಲೂಗಡ್ಡೆ ಬಡಿಸಿದಳು. ಅವನು ಫೋರ್ಕ್ ಹಿಡಿದು ಅವಳ ಕಡೆಗೇ ನೋಡುತ್ತಿದ್ದ.

“ಏನು?” ಎಂದಳು.

“ಏನಿಲ್ಲ. ಸುಮ್ಮನೆ. ನೀನು ಬೂತಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇದ್ದೆ ಅನ್ನಿಸ್ತು.”

ಕನ್ಸೆಪ್ಟಾ ಇಪ್ಪತ್ತೆಂಟು ವರ್ಷ ಅವನ ಕರಪತ್ರಗಳನ್ನು ಮಡಿಸಿ ಮಡಿಸಿ ಬೆರಳು ಸವೆಸಿಕೊಂಡವಳು. ಅವನ ತಟ್ಟೆ ಎತ್ತಿ, ಬಾಗಿಲು ತೆರೆದು, ನಾಯಿಯ ಮುಂದೆ ಇಟ್ಟಳು. ನಾಯಿ ಬಾಲ ಅಲ್ಲಾಡಿಸಿತು. ಆ ದಿನ ಜಾರ್ಲತ್‌ನನ್ನು ನೋಡಿ ಸಂತೋಷಪಟ್ಟ ಜೀವ ಅದೊಂದೇ.

ಹಸಿದ ಹೊಟ್ಟೆಯಲ್ಲಿ ಅವನು ಪಕ್ಕದ ಮನೆಯ ಅಮ್ಮನ ಹತ್ತಿರ ಹೋದ. ಹೊನೋರಿಯಾಗೆ ತೊಂಬತ್ತೊಂದು. ಒಲೆಯ ಪಕ್ಕದ ಕುರ್ಚಿ, ಮೊಣಕಾಲ ಮೇಲೆ ಕಂಬಳಿ, ಗೋಡೆಯ ಮೇಲೆ ಯೇಸು, ಅಪ್ಪ, ಪಕ್ಷದ ಹಳೆಯ ನಾಯಕ, ಮೂವರೂ ಒಂದೇ ಸಾಲಿನಲ್ಲಿ. ಅಮ್ಮ ಬ್ರೆಡ್ಡಿಗೆ ದಪ್ಪವಾಗಿ ಬೆಣ್ಣೆ ಹಚ್ಚಿ ಕೊಟ್ಟು, ಕತೆಯನ್ನೆಲ್ಲ ಕೇಳಿದಳು.

“ಯಾರೇ ಹಾಕಿರ್ಲಿ, ಒಳ್ಳೇದೇ ಮಾಡಿದ್ರು ಬಿಡು ಕಂದ,” ಎಂದಳು.

“ಅಮ್ಮಾ, ನೀನು ಹಿಂಗನ್ನೋದಾ?”

“ಆಗೆಲ್ಲ ಎಷ್ಟು ಜನ ಬರ್ತಿದ್ರು ಗೊತ್ತಾ ಇಲ್ಲಿಗೆ. ಅವರ ದೋಣಿ ಮೈಕ್ ಕಟ್ಕೊಂಡು ಬರೋದು. ಇಳಿಯೋಕೆ ಬಿಡಬಾರದು ಅಂತ ನಾವು ಹೆಂಗಸರೆಲ್ಲ ಮಡಿಲಲ್ಲಿ ಕಡಲಪಾಚಿ ತುಂಬ್ಕೊಂಡು ಕಾಯ್ತಿದ್ವಿ. ಮಲಾಕಿ ಅಪ್ಪ ಇದ್ನಲ್ಲ, ಒಂದ್ಸಲ ಮುಖದ ತುಂಬ ಪಾಚಿ ಹೊತ್ಕೊಂಡೇ ಅರ್ಧ ಗಂಟೆ ಭಾಷಣ ಮಾಡಿದ. ಚೆನ್ನಾಗಿ ಮಾತಾಡಿದ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಿಮ್ಮಪ್ಪ ಅವನನ್ನ ಬೈಕೊಂಡೇ ಇಲ್ಲಿಗೆ ಕರ್ಕೊಂಡು ಬಂದು, ಇದೇ ಒಲೆ ಮುಂದೆ ಕೋಟು ಒಣಗಿಸಿ ಕಳಿಸಿದ್ರು. ಅವರು ಬರ್ತಾರೆ ಅಂತ ನಮ್ಮವರೂ ಬರೋರು. ಈ ಕಟ್ಟೆ ಕಟ್ಟಿದ್ದೇ ಹಂಗೆ. ಈಗ ಹತ್ತೊಂಬತ್ತೂ ನಮ್ಮದೇ ಅಂತ ನಮ್ಮವರಿಗೆ ಗೊತ್ತು, ನಮ್ಮದಲ್ಲ ಅಂತ ಅವರಿಗೆ ಗೊತ್ತು. ಇಪ್ಪತ್ತು ವರ್ಷ ಆಯ್ತು, ನನ್ನ ಕೈಲಿ ಬೈಸ್ಕೊಳ್ಳೋಕೆ ಒಬ್ಬನೂ ಬಂದಿಲ್ಲ.”

ಅಮ್ಮ ಕಿಟಕಿಯ ಕಡೆ ನೋಡಿದಳು. ಮಲಾಕಿಯ ಅಪ್ಪನ ಒದ್ದೆ ಕೋಟಿನ ವಾಸನೆ ಕೂಡ ಜಾರ್ಲತ್‌ಗೆ ನೆನಪಾಯಿತು. ಅವನು ಬ್ರೆಡ್ ಅಗಿಯುವುದನ್ನು ನಿಲ್ಲಿಸಿದ.

ಅಷ್ಟರಲ್ಲಿ ಹೊರಗೆ ಗದ್ದಲ. ದೋಣಿಯೊಂದು ಬರುತ್ತಿತ್ತು. ಅದರ ಮೂತಿಯಲ್ಲಿ ಸೂಟು ಹಾಕಿಕೊಂಡು ಡೆಕ್ಲನ್ ಮುಲ್ರೂನಿ ನಿಂತಿದ್ದ. ಗೆದ್ದ ಸಂತೋಷಕ್ಕೆ ಮರುಪರಿಶೀಲನೆಯನ್ನು ಮಲಾಕಿಗೆ ಒಪ್ಪಿಸಿ, ತನ್ನನ್ನು ಗೆಲ್ಲಿಸಿದ ಆ ಒಬ್ಬರನ್ನು ಹುಡುಕಿಕೊಂಡು ಬಂದಿದ್ದ. ಪಾಚಿ ಎಸೆಯುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಮುರಿದ ಕಟ್ಟೆಗೆ ತಾನೇ ನೆಗೆದು, ಕಾಲು ಜಾರಿ, ಪಾಚಿಯ ಮೇಲೆ ಬಿದ್ದ. ಹೊನೋರಿಯಾ ತನ್ನನ್ನು ಕುರ್ಚಿ ಸಮೇತ ಹೊರಗೆ, ಕಟ್ಟೆಯ ಎದುರು, ಹೊತ್ತು ತರಲು ಹೇಳಿದಳು.

ಡೆಕ್ಲನ್ ಎದ್ದು, ಫೋನನ್ನು ಕೈಗೆ ತೆಗೆದು ಮುಖದ ಮುಂದೆ ಹಿಡಿದ. ಅವನ ಭಾಷಣ ನೇರವಾಗಿ ಎಲ್ಲ ಕಡೆ ಪ್ರಸಾರವಾಗತೊಡಗಿತು.

“ಇನಿಷ್‌ಗಾರದ ಗೆಳೆಯರೇ, ನನ್ನ ಗೆಲುವು ಇಲ್ಲಿಯ ಒಂದು ಮತದಿಂದ. ಇಷ್ಟು ವರ್ಷ ನಮ್ಮ ಪಕ್ಷ ಇಲ್ಲಿಗೆ ಬರದೇ ಇದ್ದದ್ದು ತಪ್ಪು. ಆ ಒಬ್ಬರು ಯಾರು ಅಂತ ಕೈ ಎತ್ತಿ. ಅವರ ಎದುರಿಗೇ ಮಾತು ಕೊಡ್ತೀನಿ, ಈ ಕಟ್ಟೆ ಕೆಲಸ ಈ ಬೇಸಿಗೇಲೇ ಶುರು.”

ಯಾರೂ ಅಲ್ಲಾಡಲಿಲ್ಲ. ಅಲೆಯೊಂದು ಬಂದು ಕಟ್ಟೆಯ ಇನ್ನೊಂದು ಕಲ್ಲನ್ನು ಎಳೆದುಕೊಂಡು ಹೋಯಿತು. ಎಲ್ಲರೂ ಆ ಕಲ್ಲನ್ನೇ ನೋಡಿದರು.

ಫೆಸ್ಟಸ್ ಕೈ ಎತ್ತಿದ. “ನಾನೇ.”

“ಅವನ ಮಾತು ನಂಬಬೇಡಿ,” ಎಂದು ಅಟ್ರಾಕ್ಟಾ ಮುಂದೆ ಬಂದಳು. “ನಾನು ಹಾಕಿದ್ದು. ನನ್ನ ತಂಗಿ ಮಗ ನಿಮ್ಮ ಕಡೆಯವರ ಅಳಿಯ ಅಲ್ವೇ?”

ಅಲ್ಲಿಂದ ಕೈಗಳು ಒಂದಾದ ಮೇಲೊಂದು ಎದ್ದವು. ಮಜ್ಜಿಗೆ ಕೊಟ್ಟ ಅಜ್ಜಿಯ ಮೊಮ್ಮಗ ಅದೇ ಕತೆಯನ್ನು ಎದೆಯುಬ್ಬಿಸಿ ಹೇಳಿದ. ಬೆಳಿಗ್ಗೆ ಅಂಗಡಿಯಲ್ಲಿ ‘ನಾನಲ್ಲ’ ಎಂದು ಬೈಬಲ್ ಮುಟ್ಟಿ ಆಣೆ ಮಾಡಿದವರೆಲ್ಲ ಅದೇ ಕೈಯನ್ನು ಎತ್ತಿದರು. ಕನ್ಸೆಪ್ಟಾ ಗಂಡನ ಕಡೆ ನೋಡುತ್ತಲೇ ನಿಧಾನವಾಗಿ ಎತ್ತಿದಳು. ಅವಳ ಮಟ್ಟಿಗೆ ಅದು ಮಧ್ಯಾಹ್ನದ ಊಟದ ಮುಂದುವರಿಕೆ.

ಡೆಕ್ಲನ್ ಹದಿನೇಳರವರೆಗೆ ಎಣಿಸಿದ. ಒಂದು ಮತ ಹದಿನೇಳು ಹೇಗಾಯಿತು ಎಂದು ಅವನು ಕೇಳಲಿಲ್ಲ. ಬರುವ ಮತವನ್ನು ಎಲ್ಲಿಂದ ಬಂದೆ ಎಂದು ಕೇಳುವ ರಾಜಕಾರಣಿ ಇನ್ನೂ ಹುಟ್ಟಬೇಕು. ಫೋನನ್ನು ಜಾರ್ಲತ್ ಕಡೆ ತಿರುಗಿಸಿದ.

“ನೀವು?”

ಜಾರ್ಲತ್‌ಗೆ ಅಜ್ಜ ಕಂಡ, ಅಪ್ಪ ಕಂಡ. ಅವರ ಹಿಂದೆ ಮುರಿದ ಕಟ್ಟೆಯೂ ಕಂಡಿತು, ಹೋದ ಚಳಿಗಾಲ ಅಮ್ಮನನ್ನು ಆಸ್ಪತ್ರೆಗೆ ಸಾಗಿಸುವಾಗ ನಾಲ್ಕು ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಅವಳನ್ನು ಮೀನಿನ ಬುಟ್ಟಿಯಂತೆ ಕೈಯಿಂದ ಕೈಗೆ ದಾಟಿಸಿದ್ದು ಕಂಡಿತು. ಕಣ್ಣು ಮುಚ್ಚಿಕೊಂಡ. ಬಲಗೈ ತಾನಾಗಿಯೇ ಮೇಲೆ ಹೋಯಿತು.

“ಹದಿನೆಂಟು,” ಎಂದ ಡೆಕ್ಲನ್. ಆಗಲೇ ಅವನ ಫೋನ್ ಮೊಳಗಿತು. ಮಲಾಕಿ. ಸಂತೋಷದ ಸುದ್ದಿಯೆಂದು ಎಲ್ಲರಿಗೂ ಕೇಳುವ ಹಾಗೆ ಹಿಡಿದ.

“ಮರುಪರಿಶೀಲನೆ ಮುಗೀತು,” ಎಂದಿತು ಮಲಾಕಿಯ ದನಿ, ಸಾವಿನ ಮನೆಯಿಂದ ಮಾತಾಡುವವನಂತೆ. “ಇನಿಷ್‌ಗಾರದ ಆ ಚೀಟಿ ನಮ್ಮದಲ್ಲ. ಏಳು ಜನ ಅಭ್ಯರ್ಥಿಗಳಿಗೂ ಒಂದರಿಂದ ಏಳರವರೆಗೆ ಅಂಕಿ ಬರೆದಿದಾರೆ. ಆ ಮತದಾರರು ಬರೆದಿರೋ ‘1’ ಕುಡುಗೋಲಿನ ಥರ ಬಗ್ಗಿದೆ, ‘7’ ಕೋಲಿನ ಥರ ನೆಟ್ಟಗಿದೆ. ನಾವು ಒಂದನ್ನ ಏಳು ಅಂತ, ಏಳನ್ನ ಒಂದು ಅಂತ ಓದ್ಬಿಟ್ವಿ. ಒಂದು ಫಿಲೊಮಿನಾಗೆ, ಏಳು ನಿನಗೆ. ನಿನಗೆ ಒಂದು ಮತ ಕಮ್ಮಿ ಆಗಿ ಅವಳಿಗೆ ಒಂದು ಜಾಸ್ತಿ ಆಯ್ತು. ಒಂದು ಮತದಿಂದ ಫಿಲೊಮಿನಾ ಗೆದ್ಲು.”

ಹತ್ತೊಂಬತ್ತು ಮತದಾರರ ದ್ವೀಪದಲ್ಲಿ ಒಬ್ಬರ ಬರವಣಿಗೆ ಇನ್ನೊಬ್ಬರಿಗೆ ಗೊತ್ತು. ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಹೊನೋರಿಯಾ ಕಂಬಳಿ ಸರಿಮಾಡಿಕೊಂಡಳು.

“ಏಳಕ್ಕಿಂತ ಕೆಳಗೆ ಜಾಗ ಇರಲಿಲ್ಲ,” ಎಂದಳು ಡೆಕ್ಲನ್‌ಗೆ, ವಿಷಾದದಿಂದ. “ಇದ್ದಿದ್ರೆ ಅಲ್ಲೇ ಹಾಕ್ತಿದ್ದೆ. ಬಾ ಮಗ, ಕೋಟು ಒದ್ದೆ ಆಗಿದೆ, ಒಳಗೆ ಬಂದು ಒಣಗಿಸ್ಕೊ.”

ಡೆಕ್ಲನ್ ಅವಳನ್ನು ತೋಳು ಹಿಡಿದು ಎಬ್ಬಿಸಿ, ಜೊತೆಗೆ ಒಳಗೆ ಹೋದ. ಉಳಿದವರಿಗೆ ಕೈ ಇಳಿಸುವುದು ಮರೆತೇಹೋಗಿತ್ತು.

ಜಾರ್ಲತ್‌ನ ಜೇಬಿನಲ್ಲಿ ಫೋನ್ ಗುನುಗಿತು. ಫಿಲೊಮಿನಾ.

“ಅಭಿನಂದನೆ ಫಿಲೊಮಿನಾ,” ಎಂದ, ಎತ್ತಿದ್ದ ಕೈ ಇಳಿಸಿ.

“ಥ್ಯಾಂಕ್ಸ್ ಜಾರ್ಲತ್. ಇಲ್ಲಿ ಸಭಾಂಗಣದಲ್ಲಿ ದೊಡ್ಡ ಪರದೆ ಮೇಲೆ ಡೆಕ್ಲನ್ ಪ್ರಸಾರ ಹಾಕಿದ್ರು. ಎಲ್ಲರೂ ಸೇರಿ ನೋಡಿದ್ವಿ. ಕೊನೇಲಿ ಎದ್ದಿದ್ದು ನಿಮ್ಮ ಕೈ ತಾನೆ?”

“ಅದು... ಕಟ್ಟೆಗೋಸ್ಕರ...”

“ಗೊತ್ತಾಯ್ತು, ಗೊತ್ತಾಯ್ತು. ನಿಮ್ಮಮ್ಮ ಮಾತ್ರ ಕೈ ಎತ್ತಲಿಲ್ಲ ಅಲ್ವಾ?”

“ಇಲ್ಲ.”

“ಅವರಿಗೆ ನಾನೇ ಒಂದು ಬೆಂಚು ಹಾಕಿಸಿ ಕೊಡ್ತೀನಿ. ಸಮುದ್ರ ನೋಡ್ಕೊಂಡು ಕೂತ್ಕೊಳ್ಳಲಿ.”

“ಕಟ್ಟೆ?”

“ಕಟ್ಟೆ ಯಾಕೆ ಜಾರ್ಲತ್?” ಎಂದಳು ಫಿಲೊಮಿನಾ, ಬಹಳ ಮೃದುವಾಗಿ. “ಅಲ್ಲಿ ನಮ್ಮವರು ಇರೋದು ಒಬ್ಬರೇ. ಅವರು ಎಲ್ಲಿಗೂ ಹೋಗಲ್ಲ.”