ನೆನೆಸದ ಅವರೆಕಾಳು

ಹಸಿವಿನಲ್ಲಿ ಹೇಳಿದ ಸುಳ್ಳಿಗೆ ಪಾಪ ಅಂಟುವುದಿಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಗುಲ್ಬರ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿನ ಸಾರು ಎಷ್ಟು ತಿಳಿಯಾಗಿರುತ್ತಿತ್ತೆಂದರೆ, ಅದರಲ್ಲಿ ಮುಖ ನೋಡಿಕೊಂಡು ಬೊಟ್ಟು ಇಟ್ಟುಕೊಳ್ಳಬಹುದಿತ್ತು. ಅದನ್ನು ಉಂಡು ಬಂದ ಮೇಲೆ ನಾವು ರೂಮಿನ ಮೂವರೂ ನಮ್ಮ ನಮ್ಮ ಮನೆಯ ಅಡುಗೆಯನ್ನು ಬಾಯಲ್ಲೇ ಮಾಡಿ ಬಾಯಲ್ಲೇ ಬಡಿಸುತ್ತಿದ್ದೆವು. ರಾಯಚೂರಿನ ಶರಣಮ್ಮ ರೊಟ್ಟಿ ಬಡಿಯುವ ಸದ್ದನ್ನೂ ಸೇರಿಸಿ ಎಣ್ಣೆಗಾಯಿ ವರ್ಣಿಸುತ್ತಿದ್ದಳು. ಸಿಂಧನೂರಿನ ನಾಗರತ್ನಳದು ಶೇಂಗಾ ಹೋಳಿಗೆ. ಇಬ್ಬರಿಗೂ ಅವನ್ನೆಲ್ಲ ನಿಜವಾಗಿಯೂ ಮಾಡಲು ಬರುತ್ತಿತ್ತು. ನನಗೆ ಕಾಫಿ ಬಿಟ್ಟರೆ ಮತ್ತೇನೂ ಬರುತ್ತಿರಲಿಲ್ಲ, ಆ ಕಾಫಿಯನ್ನೂ ಅಪ್ಪ ಮಾತ್ರ ಕುಡಿಯುತ್ತಿದ್ದರು. ಆದರೂ ಬೆಂಗಳೂರಿನ ಮಾನ ಉಳಿಸಬೇಕಲ್ಲ! ಅಮ್ಮನ ಹಿತಕಿದ ಬೇಳೆ ಸಾರನ್ನು ವರ್ಣಿಸುತ್ತ, ಅದನ್ನು ಮಾಡುವವಳು ನಾನೇ ಎಂದುಬಿಟ್ಟೆ. "ಡಿಸೆಂಬರ್ ಬಂತೂಂದ್ರೆ ನಮ್ಮಮ್ಮ ಅಡುಗೆಮನೆ ಕಡೇಗೇ ಬರಲ್ಲ ಕಣ್ರೇ, ಎಲ್ಲಾ ನಂದೇ."

ಡಿಸೆಂಬರ್ ರಜೆಗೆ ಇಬ್ಬರೂ ನನ್ನ ಜೊತೆಗೇ ರೈಲು ಹತ್ತಿದರು. ಬೆಂಗಳೂರಿನ ಚಳಿಯ ಬಗ್ಗೆಯೂ ನಾನು ಸಾಕಷ್ಟು ಹೇಳಿಟ್ಟಿದ್ದರಿಂದ ಶರಣಮ್ಮ ಅಣ್ಣನ ಮಫ್ಲರ್ ತಂದಿದ್ದಳು. ಮಧ್ಯಾಹ್ನದ ಬಿಸಿಲಿನಲ್ಲಿ ಹಲಸೂರು ಮಾರ್ಕೆಟ್ಟೆಲ್ಲ ಸುತ್ತುವಾಗ, ಮಾತು ಸುಳ್ಳಾಗಬಾರದೆಂದು ನಾನೂ ಸ್ವೆಟರ್ ಬಿಚ್ಚದೆ ಬೆವತೆ. ಸುಳ್ಳು ಹೇಳುವವರಿಗೆ ದೇಹದಾರ್ಢ್ಯ ಇರಬೇಕು.

ಇಲ್ಲಿ ಅಮ್ಮನ ವಿಷಯ ಒಂದಿಷ್ಟು ಹೇಳಬೇಕು. ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಅಮ್ಮನ ಹಿತಕಿದ ಬೇಳೆ ಎಂದರೆ ದೊಡ್ಡ ಹೆಸರು. ಪಕ್ಕದ ಮನೆಯವರು ಒಗ್ಗರಣೆಯ ವಾಸನೆಗೇ ಬಟ್ಟಲು ಹಿಡಿದು ಬರುತ್ತಿದ್ದರು. ಅಮ್ಮ ಬೇರೆ ಯಾವುದಕ್ಕೂ ಜಂಭಪಟ್ಟವಳಲ್ಲ, ಇದೊಂದಕ್ಕೆ ಮಾತ್ರ ಪಡುತ್ತಿದ್ದಳು. ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವಳು ಬೋಗುಣಿಯ ಮುಂದೆ ಕೂತು ಅವರೆಕಾಳನ್ನು ಬೆರಳಲ್ಲಿ ಒತ್ತುತ್ತಿರುತ್ತಿದ್ದಳು, ಬೇಳೆ ಪುಳಕ್ಕನೆ ಸಿಪ್ಪೆ ಬಿಟ್ಟು ಹಾರುತ್ತಿತ್ತು. ಅದಕ್ಕೆ ಮುಂಚೆ ಏನು ನಡೆದಿರುತ್ತದೆ ಎಂದು ನಾನು ಕೇಳಿದವಳೇ ಅಲ್ಲ. ಎಂಟು ಗಂಟೆಗೆ ಏಳುವವರಿಗೆ ಲೋಕದ ಅರ್ಧ ವ್ಯವಹಾರ ತಿಳಿಯುವುದಿಲ್ಲ.

ಶನಿವಾರ ಅಮ್ಮನಿಗೆ ಅರ್ಧ ದಿನ ಆಫೀಸು. ಅವಳು ಅತ್ತ ಹೋದದ್ದೇ ತಡ, ನಾಗರತ್ನ, "ಇವತ್ತ ನಿನ್ನ ಸಾರು ಆಗ್ಲೇಬೇಕು ನೋಡ," ಎಂದು ಹಟ ಹಿಡಿದಳು. ಗಾಡಿಯವನಿಂದ ನಾಲ್ಕು ಕೆಜಿ ಅವರೆಕಾಯಿ ತಂದು ಸುಲಿದು, ಮೂವರೂ ಬೋಗುಣಿಯ ಸುತ್ತ ಕೂತೆವು. ಒತ್ತಿದೆ. ಕಾಳು ಜಪ್ಪಯ್ಯ ಅನ್ನಲಿಲ್ಲ. ಉಗುರಿನಿಂದ ಗೀರಿ, ಸಿಪ್ಪೆ ಎಳೆದು, ಒಂದೊಂದಕ್ಕೂ ಬಾಣಂತನ ಮಾಡಿದಂತೆ ಮಾಡಿ ಬೇಳೆ ತೆಗೆದೆವು. ಎರಡು ಗಂಟೆಯಲ್ಲಿ ಒಂದು ಲೋಟ ಆಯಿತು.

"ಇದು ಕಾಳಲ್ಲವ್ವ, ಕಲ್ಲು," ಎಂದಳು ನಾಗರತ್ನ.

"ಸೊಗಡು ಹೋಗಬಾರದು ಅಂದ್ರೆ ಹೀಗೇ ಮಾಡ್ಬೇಕು ಕಣೇ," ಎಂದೆ ನಾನು, ಪಂಡಿತಳಂತೆ.

ಶರಣಮ್ಮ ಭಕ್ತಿಯಿಂದ ತಲೆಯಾಡಿಸಿದಳು. "ಬೆಂಗಳೂರು ಮಂದಿಗೆ ಎಷ್ಟ್ ತಾಳ್ಮಿ ಐತಿ ನೋಡು!"

ಅಷ್ಟರಲ್ಲಿ ಅಮ್ಮ ಬಂದಳು. ಬಾಗಿಲಲ್ಲೇ ನಿಂತು, "ಅಯ್ಯೋ, ಇದೇನ್ರೇ ಮಕ್ಕಳಾ, ಕಾಳನ್ನ..." ಎನ್ನುವಾಗ ವಿಮಾನ ಬಂತು. ಆಗಿನ ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿತ್ತು. ವಿಮಾನ ತಲೆಯ ಮೇಲೆ ಹೋಗುವಾಗ ಜಗಳವಾದರೂ ಸರಿ, ಬಾಯಿ ಅಲ್ಲೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಆ ಅರ್ಧ ನಿಮಿಷ ಅಮ್ಮ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಕಾಲು ಹಿಡಿದುಕೊಂಡೆ. ವಿಮಾನ ದೊಮ್ಮಲೂರಿನ ಕಡೆ ಹೋಯಿತು.

"...ಇಷ್ಟು ಬೇಗ ಹಿತಕಿಬಿಟ್ರಾ? ನಂಗಾಗಿದ್ರೆ ಇಡೀ ದಿನ ಬೇಕಾಗ್ತಿತ್ತು," ಎಂದಳು ಅಮ್ಮ.

"ನೀವೂ ಹಿಂಗ ಮಾಡ್ತೀರೇನ್ರಿ ಆಂಟಿ?" ಶರಣಮ್ಮ ಕೇಳಿದಳು.

"ಹೂಂ ಕಣಮ್ಮ, ನಮ್ಮನೇಲಿ ಹೀಗೇ."

ಹಾಗೆಂದು ಆಫೀಸಿನ ಸೀರೆಯಲ್ಲೇ ಕೂತು, ಆ ಹಟಮಾರಿ ಕಾಳನ್ನು ಉಗುರಿನಿಂದ ಬಿಡಿಸತೊಡಗಿದಳು. ಬೀದಿಗೆಲ್ಲ ಹೆಸರಾದ ಕೈ ಅದು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬಾಯಿ ಬಿಡುವಷ್ಟು ಆಗಲಿಲ್ಲ, ಅಷ್ಟೇ. ನಾಲ್ಕು ಗಂಟೆಗೆ ಊಟವಾಯಿತು. ಒಗ್ಗರಣೆ ಹಾಕಿದ್ದು ಅಮ್ಮ, ಹೊಗಳಿಸಿಕೊಂಡದ್ದು ನಾನು. ರಾತ್ರಿಯೇ ನೆನೆಹಾಕಬೇಕೆಂಬ ಗುಟ್ಟನ್ನು ಗೆಳತಿಯರು ರೈಲು ಹತ್ತಿದ ಮೇಲೆ ಅಮ್ಮ ಹೇಳಿದಳು, ಜೊತೆಗೆ ನನ್ನ ಕಿವಿಯನ್ನೂ ಹಿಂಡಿದಳು.

ಮರುವರ್ಷ ರಜೆಯಲ್ಲಿ ಮನೆಗೆ ಶರಣಮ್ಮನ ಅಂಚೆ ಕಾರ್ಡು ಬಂತು. ಕಾರ್ಡನ್ನು ಮನೆಯವರೆಲ್ಲ ಓದುವುದು ಸಂಪ್ರದಾಯ, ಮೊದಲು ಓದಿದ್ದು ಅಮ್ಮ. ಶರಣಮ್ಮನ ಓಣಿಗೆ ಕೋಲಾರದ ಕಡೆಯ ಮೇಷ್ಟ್ರ ಸಂಸಾರ ಬಂದಿತ್ತಂತೆ. "ಅವರು ಕಾಳು ರಾತ್ರೀನ ನೀರಿಗೆ ಹಾಕ್ತಾರ, ಮುಂಜಾನಿ ಹಗೂರಕ ಸಿಪ್ಪಿ ಬಿಡ್ತಾವ. ನಿಮ್ಮವ್ವಗ ಮೆಲ್ಲಕ ಹೇಳು. ಪಾಪ, ಇಷ್ಟು ವರ್ಷ ಗೊತ್ತಿಲ್ಲದ ಕಷ್ಟಪಟ್ಟಾರ. ಬ್ಯಾಸರ ಆಗದಂಗ ಹೇಳು," ಎಂದು ಬರೆದಿದ್ದಳು.

ಅಮ್ಮ ನೆನೆದ ಕಾಳಿನಲ್ಲಿ ಕೈ ಇಟ್ಟುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕಾದ ಮೇಲೆ, "ಏನಂತ ಬರೀತೀಯೇ?" ಎಂದಳು.

ಇವತ್ತು ಸತ್ಯ ಹೇಳಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿಯೇ ಕಾರ್ಡು ಹಿಡಿದು ಕೂತೆ. ಕ್ಷೇಮ ಸಮಾಚಾರ ಬರೆದೆ, ಚಳಿ ವಿಪರೀತ ಎಂದು ಬರೆದೆ. ಆಮೇಲೆ ಬರೆದದ್ದು ಇಷ್ಟು: "ಅಮ್ಮನಿಗೆ ನಿಧಾನವಾಗಿ ಹೇಳಿದ್ದೇನೆ. ಬೇಸರ ಮಾಡಿಕೊಳ್ಳಲಿಲ್ಲ. ಈಗೀಗ ಕಲಿಯುತ್ತಿದ್ದಾಳೆ."

ಆಫೀಸಿಗೆ ಹೊರಟ ಅಮ್ಮ, ಅಂಚೆ ಡಬ್ಬಕ್ಕೆ ಹಾಕುತ್ತೇನೆಂದು ಕಾರ್ಡು ಇಸಿದುಕೊಂಡಳು. ಕಾರ್ಡೆಂದ ಮೇಲೆ ಓದದೆ ಇರುತ್ತಾಳೆಯೇ? ಪೂರ್ತಿ ಓದಿದಳು. "ಪಿನ್ ಕೋಡ್ ಬರೆದಿಲ್ಲ ನೋಡು," ಎಂದು ಅದನ್ನೂ ತಾನೇ ಬರೆದು, ಬ್ಯಾಗಿನೊಳಗೆ ಇಟ್ಟುಕೊಂಡು, ಬೋಗುಣಿಯನ್ನು ನನ್ನ ಮುಂದಕ್ಕೆ ತಳ್ಳಿ ಹೋದಳು.